ಕಾರಾಗೃಹ ಸಿಬ್ಬಂದಿಯ ಮನಸ್ಸು: ಯಾವುದು ಕಾಯಿಲೆ, ಯಾವುದು ಕೆಲಸದ ಭಾರ?

ಪ್ರಶ್ನೆ: ಡಾಕ್ಟರೇ, ನಾನು ಉತ್ತರ ಕರ್ನಾಟಕದ ಒಂದು ಕೇಂದ್ರ ಕಾರಾಗೃಹದಲ್ಲಿ ಹನ್ನೆರಡು ವರ್ಷಗಳಿಂದ ವೀಕ್ಷಕನಾಗಿದ್ದೇನೆ, ಅಂದರೆ ಬಂದಿಗಳನ್ನು ಕಾಯುವ ವಾರ್ಡರ್. ಏಳು ತಿಂಗಳ ಹಿಂದೆ ನನ್ನ ರಾತ್ರಿ ಪಾಳಿಯಲ್ಲಿ ವಿಚಾರಣಾಧೀನ ಬಂದಿಯೊಬ್ಬ ಆತ್ಮಹತ್ಯೆ ಮಾಡಿಕೊಂಡ. ಅವನನ್ನು ಮೊದಲು ಕಂಡವನು ನಾನೇ. ವಿಚಾರಣೆಗಳೆಲ್ಲ ಮುಗಿದು ನನ್ನಿಂದ ಕರ್ತವ್ಯಲೋಪವಾಗಿಲ್ಲ ಎಂದಾಯಿತು. ಆದರೂ ಆ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಆ ಬ್ಯಾರಕ್ ಕಡೆ ಡ್ಯೂಟಿ ಬಿದ್ದರೆ ಕಾಲು ಏಳುವುದಿಲ್ಲ. ಕ್ವಾರ್ಟರ್ಸ್‌ನಲ್ಲಿ ಮಲಗಿದರೂ ಎದ್ದೆದ್ದು ಬಾಗಿಲ ಚಿಲಕ ನೋಡುತ್ತೇನೆ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಎರಡು ಪೆಗ್ ಹಾಕದಿದ್ದರೆ ನಿದ್ದೆ ಹತ್ತುವುದಿಲ್ಲ. ಮನೋವೈದ್ಯರ ಬಳಿ ಹೋಗೋಣ ಎಂದು ಹೆಂಡತಿ ಹೇಳುತ್ತಾಳೆ. ಹೋದರೆ ಸೇವಾ ಪುಸ್ತಕಕ್ಕೆ ಬರುತ್ತದೆ, ಬಡ್ತಿ ತಪ್ಪುತ್ತದೆ, ಜೊತೆಯವರು ತಲೆಕೆಟ್ಟವನು ಎನ್ನುತ್ತಾರೆ ಎಂಬ ಭಯ. ಇದು ಕಾಯಿಲೆಯೇ, ಇಲ್ಲ ಈ ಕೆಲಸ ಮಾಡುವ ಎಲ್ಲರಿಗೂ ಹೀಗೆಯೇ? ಕೆಲಸ ಬಿಟ್ಟುಬಿಡಲೇ?

ಉತ್ತರ: ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಆ ಸಾವಿನ ನಂತರ ಶುರುವಾದದ್ದು, ಅಂದರೆ ಮುಖ ಕಣ್ಣ ಮುಂದೆ ಬರುವುದು, ಬ್ಯಾರಕ್ ಕಡೆ ಹೆಜ್ಜೆ ಇಡಲಾಗದಿರುವುದು, ನಿದ್ದೆ ಕೆಡುವುದು, ಇವು ಬಹುಮಟ್ಟಿಗೆ ಒಂದು ಕಾಯಿಲೆಯ ಲಕ್ಷಣಗಳು. ಅದಕ್ಕೆ ಚಿಕಿತ್ಸೆಯಿದೆ, ಚಿಕಿತ್ಸೆ ಪಡೆದ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಕೂಡಿಕೊಂಡು ಬಂದಿರಬಹುದಾದ ದಣಿವು, ಯಾರನ್ನೂ ನಂಬಲಾಗದಿರುವುದು, ಮನೆಗೆ ಬಂದರೂ ಕಾವಲು ಇಳಿಯದಿರುವುದು, ಇವು ಕೆಲಸದ ರೀತಿಯಿಂದ ಬಂದವು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಎಲ್ಲವೂ ಕಾಯಿಲೆ ಎಂದುಬಿಟ್ಟರೆ ಸಿಬ್ಬಂದಿಯ ಕೊರತೆ, ರಜೆಯಿಲ್ಲದ ವಾರಗಳು, ಮುಗಿಯದ ಪಾಳಿಗಳು ಎಲ್ಲವೂ ನಿಮ್ಮ ಮನಸ್ಸಿನ ದೌರ್ಬಲ್ಯವೆಂಬಂತೆ ಆಗಿಬಿಡುತ್ತದೆ. ಎಲ್ಲವೂ ಈ ಕೆಲಸದ ಹಣೆಬರಹ ಎಂದುಬಿಟ್ಟರೆ, ವಾಸಿಯಾಗಬಹುದಾದ ಕಾಯಿಲೆಯನ್ನು ನಿವೃತ್ತಿಯವರೆಗೆ ಹೊತ್ತುಕೊಂಡು ತಿರುಗಬೇಕಾಗುತ್ತದೆ.

ಮೊದಲು ಕಾಯಿಲೆಯ ವಿಷಯ. ಪತ್ರ ಓದಿ ರೋಗ ನಿರ್ಣಯ ಮಾಡುವುದು ಸರಿಯಲ್ಲ, ಆದರೆ ನೀವು ಹೇಳಿರುವ ಚಿತ್ರ ನಾವು ಆಘಾತೋತ್ತರ ಒತ್ತಡದ ಕಾಯಿಲೆ ಅಥವಾ ಪಿಟಿಎಸ್‌ಡಿ ಎಂದು ಕರೆಯುವುದಕ್ಕೆ ಹತ್ತಿರವಾಗಿದೆ. ಭಯಾನಕವಾದದ್ದನ್ನು ಕಣ್ಣಾರೆ ಕಂಡವರಿಗೆ ಕೆಲವು ವಾರ ನಿದ್ದೆ ಕೆಡುವುದು, ಬೆಚ್ಚಿ ಬೀಳುವುದು, ಅದೇ ದೃಶ್ಯ ಮರುಕಳಿಸುವುದು ಸಹಜ. ಹೆಚ್ಚಿನವರಲ್ಲಿ ಅದು ತಾನಾಗಿಯೇ ತಗ್ಗುತ್ತದೆ. ಒಂದು ತಿಂಗಳು ಕಳೆದ ಮೇಲೂ ದೃಶ್ಯ ಬೇಡವೆಂದರೂ ನುಗ್ಗಿ ಬರುತ್ತಿದ್ದರೆ, ಅದನ್ನು ನೆನಪಿಸುವ ಜಾಗ, ಮಾತು, ಜನರಿಂದ ಮನುಷ್ಯ ದೂರ ಸರಿಯುತ್ತಿದ್ದರೆ, ತನ್ನ ಬಗ್ಗೆ ಮತ್ತು ಲೋಕದ ಬಗ್ಗೆ ಅವನ ಭಾವನೆಯೇ ಕಹಿಯಾಗಿದ್ದರೆ, ದೇಹ ಸದಾ ಏನೋ ಆಗುತ್ತದೆಂಬ ಸಿದ್ಧತೆಯಲ್ಲಿದ್ದರೆ, ಆಗ ಅದನ್ನು ಕಾಯಿಲೆಯೆಂದು ಪರಿಗಣಿಸಿ ಚಿಕಿತ್ಸೆ ಮಾಡುತ್ತೇವೆ. ನಿಮಗೆ ಏಳು ತಿಂಗಳಾಗಿದೆ. ತಾನಾಗಿ ಹೋಗುತ್ತದೆ ಎಂದು ಕಾಯುವ ಅವಧಿ ಮುಗಿದಿದೆ.

ನಿಮ್ಮ ವಿಷಯದಲ್ಲಿ ಗಾಯ ಮಾಯದೆ ಉಳಿದಿರುವುದಕ್ಕೆ ಇನ್ನೊಂದು ಕಾರಣವೂ ಇದ್ದಂತೆ ಕಾಣುತ್ತದೆ. ಕಾರಾಗೃಹದಲ್ಲಿ ಸಾವು ಸಂಭವಿಸಿದರೆ 24 ಗಂಟೆಯೊಳಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೆ ತಿಳಿಸಬೇಕೆಂಬ ಸೂಚನೆ 1993ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುತ್ತದೆ, ಇಲಾಖೆಯೂ ತನ್ನ ಮಟ್ಟದಲ್ಲಿ ವಿಚಾರಿಸುತ್ತದೆ. ಇದು ಇರಲೇಬೇಕಾದ ವ್ಯವಸ್ಥೆ. ಸರ್ಕಾರದ ವಶದಲ್ಲಿದ್ದ ಮನುಷ್ಯ ಸತ್ತರೆ ಅದಕ್ಕೆ ಉತ್ತರ ಸಿಗಬೇಕು, ಅವನ ತಾಯಿತಂದೆಗೆ ಆ ಹಕ್ಕಿದೆ. ಆದರೆ ಆ ರಾತ್ರಿ ಅವನನ್ನು ಮೊದಲು ಕಂಡ ವೀಕ್ಷಕನ ಪಾಲಿಗೆ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಆ ಘಟನೆಯನ್ನು ನೀವು ಎಷ್ಟೋ ಸಲ ಹೇಳಿರುತ್ತೀರಿ, ಎಷ್ಟೋ ಕಾಗದದ ಮೇಲೆ ಸಹಿ ಹಾಕಿರುತ್ತೀರಿ. ಪ್ರತಿ ಸಲವೂ ಸಮಜಾಯಿಷಿಯಾಗಿ ಹೇಳಿರುತ್ತೀರಿ. ಎಷ್ಟು ಗಂಟೆಗೆ ಸುತ್ತು ಹೋದಿರಿ, ಮುಂದಿನ ಸುತ್ತಿಗೆ ಎಷ್ಟು ಹೊತ್ತಿತ್ತು, ಯಾರಿಗೆ ಮೊದಲು ತಿಳಿಸಿದಿರಿ ಎಂದು ಕೇಳಿದವರು ಅನೇಕರು. ಅವನನ್ನು ಕಂಡಾಗ ನಿಮಗೇನಾಯಿತು ಎಂದು ಕೇಳಿದವರು ಬಹುಶಃ ನಿಮ್ಮ ಹೆಂಡತಿ ಒಬ್ಬರೇ. ತಪ್ಪಿಲ್ಲವೆಂದು ಕಾಗದ ಹೇಳಿದರೂ ಮನಸ್ಸು ಒಪ್ಪುತ್ತಿಲ್ಲವಾದರೆ, ಐದು ನಿಮಿಷ ಮೊದಲು ಆ ಕಡೆ ಹೋಗಿದ್ದರೆ ಎಂಬ ಲೆಕ್ಕ ಒಳಗೆ ಇನ್ನೂ ನಡೆಯುತ್ತಿದೆ ಎಂದರ್ಥ. ಈ ಲೆಕ್ಕವನ್ನು ನೀವೊಬ್ಬರೇ ರಾತ್ರಿ ಹೊತ್ತು ಕೂತು ಮಾಡಿದರೆ ಅದು ಎಂದೂ ಮುಗಿಯುವುದಿಲ್ಲ. ತರಬೇತಿ ಪಡೆದ ಚಿಕಿತ್ಸಕರ ಎದುರು ಕೂತು, ನೆನಪನ್ನು ತುಸುತುಸುವೇ ಬಿಚ್ಚಿ, ಆ ಹೊತ್ತಿನಲ್ಲಿ ನಿಮಗೆ ನಿಜವಾಗಿ ಏನು ಗೊತ್ತಿತ್ತು, ಏನು ಗೊತ್ತಿರಲು ಸಾಧ್ಯವೇ ಇರಲಿಲ್ಲ ಎಂದು ನೋಡಿದಾಗ ಅದು ಸಡಿಲವಾಗುತ್ತದೆ. ಆಘಾತವನ್ನೇ ಕೇಂದ್ರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆ ಎಂದರೆ ಇದೇ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹನ್ನೆರಡು ಭೇಟಿಗಳು ಬೇಕಾಗುತ್ತವೆ. ಕಣ್ಣಿನ ಚಲನೆಯನ್ನು ಬಳಸುವ ಇಎಂಡಿಆರ್ ಎಂಬ ವಿಧಾನವೂ ಇದೆ, ಅದಕ್ಕೂ ಒಳ್ಳೆಯ ಆಧಾರವಿದೆ. ಬೇಕೆನಿಸಿದರೆ ಸರ್ಟ್ರಾಲಿನ್‌ನಂಥ ಮಾತ್ರೆಗಳನ್ನು ವೈದ್ಯರು ಬರೆಯುತ್ತಾರೆ; ಅವು ಕೆಲಸ ಮಾಡಲು ಕೆಲವು ವಾರ ಬೇಕು, ಅವು ಚಟ ಹತ್ತಿಸುವ ಮಾತ್ರೆಗಳಲ್ಲ, ಆದರೆ ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು.

ಇನ್ನು ಎರಡನೆಯ ಸಂಗತಿ, ಕೆಲಸ. ಎಲ್ಲರಿಗೂ ಹೀಗೆಯೇ ಎಂದು ಕೇಳಿದ್ದೀರಿ. ಎಲ್ಲರಿಗೂ ಅಲ್ಲ, ಆದರೆ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಜನಕ್ಕೆ. ಕೆನಡಾದಲ್ಲಿ ಪೊಲೀಸರು, ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಸಿಬ್ಬಂದಿ ಮತ್ತು ಕಾರಾಗೃಹ ಸಿಬ್ಬಂದಿಯನ್ನು ಒಟ್ಟಿಗೆ ಸಮೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನವೊಂದರಲ್ಲಿ, ಕಾರಾಗೃಹ ಸಿಬ್ಬಂದಿಯ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಯಾವುದಾದರೊಂದು ಮಾನಸಿಕ ಸಮಸ್ಯೆಯ ಲಕ್ಷಣಗಳು ಕಂಡವು. ಅದು ಪ್ರಶ್ನಾವಳಿಯ ಮೂಲಕ ಮಾಡಿದ ತಪಾಸಣೆ, ವೈದ್ಯರು ಒಬ್ಬೊಬ್ಬರನ್ನೂ ಪರೀಕ್ಷಿಸಿ ಹೇಳಿದ್ದಲ್ಲ, ಮತ್ತು ಕೆನಡಾದ ಜೈಲು ನಮ್ಮ ಜೈಲಲ್ಲ. ಆದರೂ ಗೋಡೆಯೊಳಗಿನ ಕೆಲಸ ಗೋಡೆಯ ಹೊರಗಿನ ಅಪಾಯಕಾರಿ ಕೆಲಸಗಳಿಗಿಂತ ಮನಸ್ಸಿಗೆ ಹಗುರವಲ್ಲ ಎಂಬುದನ್ನು ಅದು ತೋರಿಸುತ್ತದೆ.

ಯಾಕೆ ಹೀಗೆ? ರಾಬರ್ಟ್ ಕರಾಸೆಕ್ ಎಂಬ ಸಮಾಜಶಾಸ್ತ್ರಜ್ಞ 1979ರಲ್ಲಿ ಮಂಡಿಸಿದ ಒಂದು ವಿಚಾರ ನಿಮ್ಮ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಕೆಲಸ ಹೆಚ್ಚಿರುವುದು ಮಾತ್ರವೇ ಮನುಷ್ಯನನ್ನು ಮುರಿಯುವುದಿಲ್ಲ. ಹೊಣೆ ಹೆಚ್ಚಿದ್ದು, ಆ ಹೊಣೆಯನ್ನು ಹೇಗೆ ನಿಭಾಯಿಸಬೇಕೆಂಬುದು ಅವನ ಕೈಯಲ್ಲಿಲ್ಲದಿದ್ದಾಗ ಅವನು ಕುಸಿಯುತ್ತಾನೆ. ವೀಕ್ಷಕನ ಕೈಯಲ್ಲಿ ಏನಿದೆ ಹೇಳಿ. ಯಾರು ಒಳಗೆ ಬರಬೇಕೆಂಬುದನ್ನು ನ್ಯಾಯಾಲಯ ತೀರ್ಮಾನಿಸುತ್ತದೆ, ಯಾರು ಯಾವ ಬ್ಯಾರಕ್‌ನಲ್ಲಿರಬೇಕೆಂಬುದನ್ನು ಮೇಲಿನವರು ತೀರ್ಮಾನಿಸುತ್ತಾರೆ, ಪಾಳಿಯ ಪಟ್ಟಿಯೂ ಮೇಲಿಂದ ಬರುತ್ತದೆ. ಒಳಗೆ ಮೊಬೈಲ್ ಸಿಕ್ಕರೆ, ಹೊಡೆದಾಟವಾದರೆ, ಯಾರಾದರೂ ಸತ್ತರೆ ಮೊದಲ ಮೆಮೊ ಬರುವುದು ಮಾತ್ರ ಆ ಹೊತ್ತು ಬೀಗದ ಕೈ ಹಿಡಿದಿದ್ದವನಿಗೆ.

ಸಂಖ್ಯೆಗಳನ್ನೂ ಸ್ವಲ್ಪ ನೋಡೋಣ. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿ ಆರು ಬಂದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು, ಅವರಿಂದ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೆಲಸ ತೆಗೆಯಬಾರದೆಂದು ಹೇಳುತ್ತದೆ. ಕೈಪಿಡಿಯಂತೆಯೇ ನಡೆದರೂ ಆ ಒಬ್ಬೊಬ್ಬರನ್ನು ಮೂರು ಪಾಳಿಗೆ ಹಂಚಿದಾಗ ಒಂದು ಹೊತ್ತಿನಲ್ಲಿ ಒಬ್ಬನ ಪಾಲಿಗೆ ಹದಿನೆಂಟು ಬಂದಿಗಳು ಬರುತ್ತಾರೆ. ರಜೆಯಲ್ಲಿರುವವರನ್ನು, ನ್ಯಾಯಾಲಯ ಮತ್ತು ಆಸ್ಪತ್ರೆಯ ಕೆಲಸಕ್ಕೆ ಹೋದವರನ್ನು ಕಳೆದರೆ ಇನ್ನೂ ಹೆಚ್ಚು. ವಾಸ್ತವ ಇದಕ್ಕಿಂತ ದೂರದಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಕಾರಾಗೃಹಗಳಲ್ಲಿ 4,36,266 ಜನರಿಗೆ ಜಾಗವಿದ್ದರೆ ಒಳಗಿದ್ದವರು 5,73,220 ಮಂದಿ. ಅವರಲ್ಲಿ ನಾಲ್ಕರಲ್ಲಿ ಮೂರು ಭಾಗ ವಿಚಾರಣಾಧೀನರು. ಮಂಜೂರಾದ ಸಿಬ್ಬಂದಿ ಹುದ್ದೆಗಳಲ್ಲಿ ಸುಮಾರು ಶೇ 30ರಷ್ಟು ಖಾಲಿ. ವಿಚಾರಣಾಧೀನರು ಹೆಚ್ಚಿರುವುದರ ಪರಿಣಾಮ ಹೊರಗಿನವರಿಗೆ ತಿಳಿಯುವುದಿಲ್ಲ. ಹತ್ತು ವರ್ಷದ ಸಜಾ ಬಂದಿಯ ಸ್ವಭಾವ ವೀಕ್ಷಕನಿಗೆ ಗೊತ್ತಿರುತ್ತದೆ, ಅವನು ಯಾವಾಗ ಮಂಕಾಗುತ್ತಾನೆ, ಯಾವ ಹಬ್ಬಕ್ಕೆ ಮನೆ ನೆನೆದು ಊಟ ಬಿಡುತ್ತಾನೆ ಎಂಬುದೂ ಗೊತ್ತಿರುತ್ತದೆ. ನಿನ್ನೆ ಸಂಜೆ ಬಂದವನ ಬಗ್ಗೆ ಏನೂ ಗೊತ್ತಿರುವುದಿಲ್ಲ, ಮತ್ತು ಬಂದ ಮೊದಲ ದಿನಗಳೇ ಅವನ ಪಾಲಿಗೆ ಅತ್ಯಂತ ಅಪಾಯದ ದಿನಗಳು.

ಇದರ ಜೊತೆಗೆ ಇನ್ನೊಂದು ವಿಷಯ ಸೇರಿಸಬೇಕು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು ಐದು ಸಾವಿರಕ್ಕೂ ಹೆಚ್ಚು ಬಂದಿಗಳನ್ನು ಸಂದರ್ಶಿಸಿ 2011ರಲ್ಲಿ ಪ್ರಕಟಿಸಿದ ವರದಿ, ಅವರಲ್ಲಿ ಐದರಲ್ಲಿ ನಾಲ್ಕು ಭಾಗದಷ್ಟು ಮಂದಿಗೆ ಮಾನಸಿಕ ಕಾಯಿಲೆ ಅಥವಾ ಮಾದಕ ವಸ್ತು, ಮದ್ಯ, ತಂಬಾಕಿನ ಸಮಸ್ಯೆ ಇತ್ತೆಂದು ತೋರಿಸಿತು. ಅಂದರೆ ನೀವು ಹನ್ನೆರಡು ವರ್ಷದಿಂದ ಮಾಡುತ್ತಿರುವ ಕೆಲಸದ ಒಂದು ದೊಡ್ಡ ಪಾಲು, ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ತರಬೇತಾದ ಶುಶ್ರೂಷಕರು ಮಾಡುವಂಥದ್ದು. ಕುಡಿತ ನಿಂತು ನಡುಗುತ್ತಿರುವವನು, ತನ್ನಷ್ಟಕ್ಕೆ ಮಾತಾಡಿಕೊಳ್ಳುವವನು, ಗೋಡೆಗೆ ತಲೆ ಚಚ್ಚಿಕೊಳ್ಳುವವನು, ಇವರೆಲ್ಲರನ್ನೂ ಲಾಠಿ, ಸೀಟಿ ಮತ್ತು ಎಣಿಕೆಯ ಪುಸ್ತಕ ಹಿಡಿದುಕೊಂಡು ನಿಭಾಯಿಸು ಎಂದರೆ ಯಾರ ಮನಸ್ಸು ತಾನೇ ತಡೆದೀತು? ಇದನ್ನು ನಾನು ಬಂದಿಗಳ ಮೇಲಿನ ದೂರಾಗಿ ಹೇಳುತ್ತಿಲ್ಲ. ಅವರ ಆರೈಕೆ ಕೆಟ್ಟಾಗ ಸಿಬ್ಬಂದಿಯ ಮನಸ್ಸು ಕೆಡುತ್ತದೆ, ಸಿಬ್ಬಂದಿಯ ಮನಸ್ಸು ಕೆಟ್ಟಾಗ ಅವರ ಆರೈಕೆ ಇನ್ನಷ್ಟು ಕೆಡುತ್ತದೆ; ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಉಳಿಸಲಾಗುವುದಿಲ್ಲ.

ಚಿಲಕವನ್ನು ಎದ್ದೆದ್ದು ನೋಡುತ್ತೇನೆ ಎಂದಿರಲ್ಲ, ಅದು ಆ ರಾತ್ರಿಯ ನಂತರ ಹೆಚ್ಚಾಗಿರಬಹುದು, ಆದರೆ ಅದರ ಬೇರು ಇನ್ನೂ ಹಳೆಯದಿರಬೇಕು. ಬೀಗ ಹಾಕಿದ ಮೇಲೆ ಮತ್ತೊಮ್ಮೆ ಎಳೆದು ನೋಡುವವನು ಒಳ್ಳೆಯ ವೀಕ್ಷಕ. ಲಾಕಪ್ ಹೊತ್ತಿನಲ್ಲಿ ತಲೆ ಎಣಿಸಿ ಲೆಕ್ಕ ತಾಳೆಯಾಗುವವರೆಗೆ ಉಸಿರು ಬಿಗಿ ಹಿಡಿಯುವವನು, ಯಾರು ಯಾರ ಜೊತೆ ಪಿಸುಗುಟ್ಟುತ್ತಿದ್ದಾರೆಂದು ಕಣ್ಣಂಚಿನಲ್ಲೇ ಗಮನಿಸುವವನು, ಮುಖದ ಮೇಲೆ ಭಯವನ್ನಾಗಲಿ ಕರುಣೆಯನ್ನಾಗಲಿ ತೋರಿಸದವನು ಒಳಗೆ ಕ್ಷೇಮವಾಗಿರುತ್ತಾನೆ. ಇವೆಲ್ಲ ಕೆಲಸ ಕಲಿಸಿದ ಗುಣಗಳು. ತೊಂದರೆ ಬರುವುದು ಅವು ಗೇಟಿನ ಹೊರಗೂ ಜೊತೆಗೆ ಬಂದಾಗ. ಮದುವೆ ಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂರಲಾಗದವರು, ಮಗ ಹತ್ತು ನಿಮಿಷ ತಡವಾಗಿ ಬಂದರೆ ಆರೋಪಿಯನ್ನು ವಿಚಾರಿಸುವಂತೆ ವಿಚಾರಿಸುವವರು, ಹೆಂಡತಿ ಅತ್ತರೆ ಕಲ್ಲಿನಂತೆ ನಿಂತುಬಿಡುವವರು ನಿಮ್ಮ ಇಲಾಖೆಯಲ್ಲಿ ಬಹಳ ಮಂದಿ ಇದ್ದಾರೆ. ಕ್ವಾರ್ಟರ್ಸ್ ಜೈಲಿನ ಆವರಣದಲ್ಲೇ ಇರುವುದರಿಂದ ಸೈರನ್ನು, ಗಂಟೆ, ಟವರ್ ದೀಪ ಎಲ್ಲವೂ ಮಲಗುವ ಕೋಣೆಯವರೆಗೆ ಬರುತ್ತವೆ. ಕೆಲಸ ಮುಗಿಯಿತೆಂದು ದೇಹಕ್ಕೆ ತಿಳಿಯುವುದೇ ಇಲ್ಲ. ಮೇಲಾಗಿ, ನಿನ್ನ ಮಗಳು ಯಾವ ಶಾಲೆಗೆ ಹೋಗುತ್ತಾಳೆಂದು ಗೊತ್ತು ಎನ್ನುವ ಬೆದರಿಕೆಯನ್ನು ಒಮ್ಮೆ ಕೇಳಿಸಿಕೊಂಡವನು ಮನೆಯ ಚಿಲಕವನ್ನು ಎರಡು ಸಲ ನೋಡಿದರೆ ಅದನ್ನು ಹುಚ್ಚು ಎನ್ನಲಾಗದು. ಬಂದಿಗಳ ಕಣ್ಣಿಗೆ ಇವನು ಸರ್ಕಾರದವನು, ಮೇಲಧಿಕಾರಿಗಳ ಕಣ್ಣಿಗೆ ಒಳಗಿನವರ ಜೊತೆ ಶಾಮೀಲಾಗಿರಬಹುದಾದವನು. ಎರಡು ಕಡೆಯ ಸಂಶಯದ ನಡುವೆ ವರ್ಷಗಟ್ಟಲೆ ನಿಂತವನಿಗೆ ನಂಬಿಕೆ ಎಂಬುದೇ ಕಷ್ಟವಾಗುತ್ತದೆ.

ಇನ್ನೊಂದು ಲಕ್ಷಣದ ಬಗ್ಗೆ ನೀವು ಬರೆದಿಲ್ಲ, ಆದರೂ ಕೇಳಬೇಕಾದದ್ದು. ಬಂದಿಗಳ ಕಷ್ಟ ಈಗ ನಿಮ್ಮನ್ನು ಮುಟ್ಟುತ್ತದೆಯೇ? ಕ್ರಿಸ್ಟಿನಾ ಮಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಕೆಲಸದಿಂದ ಬರುವ ಬಳಲಿಕೆಯನ್ನು ಮೂರು ಭಾಗವಾಗಿ ಗುರುತಿಸಿದ್ದಾರೆ: ಭಾವನೆಯೇ ಬತ್ತಿಹೋಗುವುದು, ಎದುರಿಗಿರುವವರು ಮನುಷ್ಯರೆಂಬುದೇ ಮರೆತುಹೋಗುವುದು, ತಾನು ಮಾಡುವುದರಿಂದ ಯಾರಿಗೂ ಪ್ರಯೋಜನವಿಲ್ಲ ಎನಿಸುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಪಟ್ಟಿಯಲ್ಲಿ ಇದನ್ನು ಕಾಯಿಲೆ ಎಂದು ಕರೆಯದೆ, ಸರಿಯಾಗಿ ನಿರ್ವಹಿಸದ ಕೆಲಸದ ಒತ್ತಡದ ಫಲ ಎಂದು ಗುರುತಿಸಿದೆ. ಎರಡನೆಯದು ಕಾರಾಗೃಹದಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಬಂದಿಯ ಅಳು ಬರೀ ಗದ್ದಲವಾಗಿ ಕೇಳತೊಡಗಿದಾಗ, ಅವನು ನಿಜವಾಗಿ ಸಾಯಲು ಹೊರಟಿದ್ದಾನೆಂಬ ಸೂಚನೆಯೂ ಆ ಗದ್ದಲದಲ್ಲೇ ಕಳೆದುಹೋಗುತ್ತದೆ. ಸತ್ತ ಆ ಬಂದಿಯ ಮುಖ ನಿಮ್ಮನ್ನು ಏಳು ತಿಂಗಳಿನಿಂದ ಕಾಡುತ್ತಿದೆ ಎಂದರೆ ನಿಮ್ಮೊಳಗೆ ಆ ಮನುಷ್ಯತ್ವ ಬತ್ತಿಲ್ಲ ಎಂದೇ ನಾನು ತಿಳಿಯುತ್ತೇನೆ.

ಕುಡಿತದ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳಬೇಕು. ಮದ್ಯ ನಿದ್ದೆ ಹತ್ತಿಸುತ್ತದೆ ನಿಜ, ಆದರೆ ಮೂರು ನಾಲ್ಕು ಗಂಟೆಯಾದ ಮೇಲೆ ಅದೇ ನಿದ್ದೆಯನ್ನು ಒಡೆಯುತ್ತದೆ, ಕನಸುಗಳನ್ನು ಕೆಡಿಸುತ್ತದೆ, ಎದ್ದಾಗ ಕಳವಳ ಹೆಚ್ಚಿಸುತ್ತದೆ. ಆ ಕಳವಳ ಕಳೆಯಲು ಮತ್ತೆ ಕುಡಿಯಬೇಕೆನಿಸುತ್ತದೆ. ಎರಡು ಪೆಗ್ ಮೂರಾಗಿದೆಯೇ, ರಜೆಯ ದಿನವೂ ಬೇಕಾಗುತ್ತದೆಯೇ, ಕುಡಿಯದ ದಿನ ಕೈ ನಡುಗುವುದು, ಬೆವರುವುದು ಇದೆಯೇ ಎಂಬುದನ್ನು ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ನಡುಕವಿದ್ದರೆ ಛಲಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬೇಡಿ. ದಿನವೂ ಹೆಚ್ಚು ಕುಡಿಯುವವರು ದಿಢೀರನೆ ಬಿಟ್ಟಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ನಂತರ ಬುದ್ಧಿ ಭ್ರಮಣೆಯಾಗಿ ಪ್ರಾಣಕ್ಕೂ ಕುತ್ತಾಗಬಹುದು. ಆಸ್ಪತ್ರೆಯಲ್ಲಿ ಮಾತ್ರೆಯ ನೆರವಿನಿಂದ ಅದನ್ನು ಕ್ಷೇಮವಾಗಿ ಬಿಡಿಸಬಹುದು. ಮದ್ಯದ ಬದಲು ಮೆಡಿಕಲ್ ಅಂಗಡಿಯಿಂದ ಆಲ್‌ಪ್ರಜೋಲಮ್ ಎಂಬ ಕಳವಳ ತಗ್ಗಿಸುವ ಮಾತ್ರೆ ತಂದು ನುಂಗುವುದಂತೂ ಖಂಡಿತ ಬೇಡ. ಅದು ಬೇಗ ಚಟವಾಗುತ್ತದೆ, ಮದ್ಯದ ಜೊತೆ ಸೇರಿದರೆ ಉಸಿರಾಟವನ್ನೇ ತಗ್ಗಿಸುತ್ತದೆ.

ನಿದ್ದೆಗೆ ಬೇರೆ ದಾರಿಗಳಿವೆ. ರಾತ್ರಿ ಪಾಳಿಗೆ ಹೋಗುವ ಮುನ್ನ ಸಂಜೆ ಒಂದೂವರೆ ಗಂಟೆ ಮಲಗಿ ಏಳಿ. ಚಹಾ, ಕಾಫಿ ಪಾಳಿಯ ಮೊದಲರ್ಧದಲ್ಲಿ ಮಾತ್ರ ಇರಲಿ, ಕೊನೆಯ ನಾಲ್ಕೈದು ಗಂಟೆಯಲ್ಲಿ ಬೇಡ. ಬೆಳಗಿನ ಬಿಸಿಲು ದೇಹವನ್ನು ಎಚ್ಚರಿಸುವುದರಿಂದ ಬರುವಾಗ ಕಪ್ಪು ಕನ್ನಡಕ ಹಾಕಿಕೊಳ್ಳುವುದು, ಕೋಣೆಯ ಕಿಟಕಿಗೆ ದಪ್ಪ ಪರದೆ ಬಿಡುವುದು ಸಹಾಯ ಮಾಡುತ್ತದೆ. ಪಾಳಿ ಯಾವುದೇ ಇರಲಿ, ದಿನದ ಕೆಲವು ಗಂಟೆಗಳನ್ನು ಪ್ರತಿದಿನ ಒಂದೇ ಹೊತ್ತಿನ ನಿದ್ದೆಗೆ ಮೀಸಲಿಡಲು ನೋಡಿ. ಪಾಳಿ ಬದಲಿಸುವ ಅಧಿಕಾರ ಇರುವವರಿಗೂ ಒಂದು ಮಾತು: ಪಾಳಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿ ಮುಂದಕ್ಕೆ ಸರಿದರೆ ದೇಹ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ, ಹಿಂದಕ್ಕೆ ಸರಿದರೆ ಒದ್ದಾಡುತ್ತದೆ. ಇದಕ್ಕೆ ಹೊಸ ಹುದ್ದೆಯಾಗಲಿ ಹಣವಾಗಲಿ ಬೇಕಿಲ್ಲ.

ಈಗ ನಿಮ್ಮ ಭಯದ ವಿಷಯ. ಹೊರರೋಗಿಯಾಗಿ ಮನೋವೈದ್ಯರನ್ನು ಕಂಡರೆ ಅದು ತಾನಾಗಿ ನಿಮ್ಮ ಇಲಾಖೆಗೆ ಹೋಗುವುದಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 23ನೇ ಕಲಂ ನಿಮ್ಮ ಕಾಯಿಲೆ ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಡುತ್ತದೆ. ನಿಮ್ಮ ಅಥವಾ ಬೇರೆಯವರ ಪ್ರಾಣಕ್ಕೆ ಅಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ದೀರ್ಘ ರಜೆ ಬೇಕಾದಾಗ ಮಾತ್ರ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಅದರಲ್ಲಿ ಏನು ಬರೆಯಬೇಕು, ಎಷ್ಟು ಬರೆದರೆ ಸಾಕು ಎಂಬುದನ್ನು ವೈದ್ಯರ ಜೊತೆ ಮೊದಲೇ ಮಾತಾಡಿಕೊಳ್ಳಿ. ಕಾಯಿಲೆ ತೀವ್ರವಾಗಿ ಅಂಗವೈಕಲ್ಯದ ಮಟ್ಟಕ್ಕೆ ಹೋದರೂ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಹೇಳುತ್ತದೆ, ಮತ್ತು ಆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ, ದುರ್ನಡತೆಯ ಹಿಂದೆ ಮಾನಸಿಕ ಅಂಗವೈಕಲ್ಯ ಒಂದು ಕಾರಣವಾಗಿದ್ದಾಗ ಶಿಸ್ತುಕ್ರಮ ಜರುಗಿಸುವುದು ತಾರತಮ್ಯವಾಗಬಹುದೆಂದು ಹೇಳಿ, ಸಮವಸ್ತ್ರದ ಸೇವೆಗಳಲ್ಲಿರುವವರಿಗೂ ಒಂದು ಆಸರೆ ಕೊಟ್ಟಿದೆ. ಕಾನೂನು ಇದ್ದ ಮಾತ್ರಕ್ಕೆ ಸಹೋದ್ಯೋಗಿಗಳ ನಾಲಗೆ ನಿಲ್ಲುವುದಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಚಿಕಿತ್ಸೆ ಪಡೆದ ವೀಕ್ಷಕನಿಗಿಂತ, ಚಿಕಿತ್ಸೆ ಪಡೆಯದೆ ಒಂದು ದಿನ ಬಂದಿಯ ಮೇಲೆ ಕೈ ಮಾಡಿದ ಅಥವಾ ಕುಡಿದು ಡ್ಯೂಟಿಗೆ ಬಂದ ವೀಕ್ಷಕನ ಸೇವಾ ಪುಸ್ತಕವೇ ಹೆಚ್ಚು ಕೆಡುತ್ತದೆ.

ಎಲ್ಲಿಗೆ ಹೋಗಬೇಕು? ಕಾರಾಗೃಹಕ್ಕೆ ಬಂದಿಗಳನ್ನು ನೋಡಲು ಬರುವ ವೈದ್ಯರಿಗೆ ಹೇಳಿಕೊಳ್ಳಲು ಮುಜುಗರವಾಗುವುದು ಸಹಜ, ಅವರ ಬಳಿಯೇ ಹೋಗಬೇಕಾಗಿಲ್ಲ. ನಿಮ್ಮ ಭಾಗದಲ್ಲಿ ಧಾರವಾಡದ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ದೇಶಕ್ಕೆಲ್ಲ ಮಾದರಿಯಾದ ಈ ಕಾರ್ಯಕ್ರಮ 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲೇ ರೂಪುಗೊಂಡದ್ದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೂ ಮನೋವೈದ್ಯರು ಬರುತ್ತಾರೆ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಅಲ್ಲೇ ವಿಚಾರಿಸಿ. ಹೆಸರು ಹೇಳದೆಯೂ ಮೊದಲು ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ಅದು; ದಿನದ 24 ಗಂಟೆಯೂ ಕನ್ನಡದಲ್ಲಿ, ಉಚಿತವಾಗಿ ಮಾತಾಡಬಹುದು. ರಾತ್ರಿ ಪಾಳಿಯವರಿಗೆ ನಡುರಾತ್ರಿಯಲ್ಲೂ ಸಿಗುವ ಸಹಾಯವೆಂದರೆ ಸಣ್ಣ ಮಾತಲ್ಲ.

ಒಂದು ಪ್ರಶ್ನೆಯನ್ನು ನೇರವಾಗಿ ಕೇಳುತ್ತೇನೆ, ನೇರವಾಗಿ ಕೇಳುವುದರಿಂದ ಯಾರ ತಲೆಗೂ ಆ ಯೋಚನೆ ಹೊಸದಾಗಿ ಹೊಕ್ಕುವುದಿಲ್ಲ. ಬದುಕಿರುವುದೇ ಬೇಡ ಎಂದು ನಿಮಗೆ ಅನಿಸಿದೆಯೇ? ಅನಿಸಿದ್ದರೆ ಮುಂದಿನ ವಾರದವರೆಗೆ ಕಾಯದೆ ಇಂದೇ ಹೆಂಡತಿಗೆ ಹೇಳಿ, 14416ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬಂದೂಕು ಹಿಡಿಯುವ ಪಹರೆ ನಿಮ್ಮ ಪಾಲಿಗಿದ್ದರೆ ಆರೋಗ್ಯದ ಕಾರಣ ಹೇಳಿ ಅದರಿಂದ ಸದ್ಯಕ್ಕೆ ಬಿಡಿಸಿಕೊಳ್ಳಿ. ಅದನ್ನು ಕೇಳುವುದು ಹೇಡಿತನವಲ್ಲ, ಕರ್ತವ್ಯಪ್ರಜ್ಞೆ.

ನಿಮ್ಮ ಪತ್ರವನ್ನು ಅಧೀಕ್ಷಕರು, ಜೈಲರ್‌ಗಳು ಓದುತ್ತಾರೆಂದು ಭಾವಿಸಿ ಅವರಿಗೂ ಕೆಲವು ಮಾತು ಹೇಳುತ್ತೇನೆ. ನ್ಯಾಯಮೂರ್ತಿ ಮುಲ್ಲಾ ಸಮಿತಿ 1983ರಲ್ಲಿ ಕೊಟ್ಟ ವರದಿಯಿಂದ ಹಿಡಿದು ಸಿಬ್ಬಂದಿಯ ಕೆಲಸದ ಅವಧಿ, ವಸತಿ, ವೇತನ ಸುಧಾರಿಸದೆ ಕಾರಾಗೃಹ ಸುಧಾರಣೆ ಆಗದು ಎಂಬ ಮಾತು ಮತ್ತೆ ಮತ್ತೆ ಬಂದಿದೆ. 2015ರಲ್ಲಿ ಬಂದಿಗಳನ್ನು ನಡೆಸಿಕೊಳ್ಳುವ ಕುರಿತು ವಿಶ್ವಸಂಸ್ಥೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳೂ ಈ ಕೆಲಸದ ಕಷ್ಟಕ್ಕೆ ತಕ್ಕ ಸೇವಾ ಸೌಲಭ್ಯಗಳಿರಬೇಕೆನ್ನುತ್ತವೆ. ಖಾಲಿ ಹುದ್ದೆ ತುಂಬುವುದು ನಿಮ್ಮ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ಸಾವು ಕಂಡ ಸಿಬ್ಬಂದಿಯನ್ನು ಹೇಳಿಕೆ ಪಡೆಯುವ ಮೊದಲು ಕೂರಿಸಿ ನೀರು ಕೊಟ್ಟು, ಮನೆಗೆ ಒಂದು ಕರೆ ಮಾಡಿಸುವುದು ನಿಮ್ಮ ಕೈಯಲ್ಲಿದೆ. ಮರುದಿನವೇ ಅದೇ ಬ್ಯಾರಕ್‌ಗೆ ಹಾಕದಿರುವುದು, ಒಂದು ವಾರ ಬಿಟ್ಟು, ಒಂದು ತಿಂಗಳು ಬಿಟ್ಟು ನಿದ್ದೆ ಹೇಗಿದೆ ಎಂದು ಕರೆದು ಕೇಳುವುದು ನಿಮ್ಮ ಕೈಯಲ್ಲಿದೆ. ಘಟನೆಯಾದ ತಕ್ಷಣ ಎಲ್ಲರನ್ನೂ ಒಂದೇ ಸಲ ಕೂರಿಸಿ ನಡೆದದ್ದನ್ನೆಲ್ಲ ಬಲವಂತವಾಗಿ ಹೇಳಿಸುವ ಸಭೆಗಳಿಂದ ಪ್ರಯೋಜನವಿಲ್ಲ, ಕೆಲವರಿಗೆ ಹಾನಿಯೂ ಆಗುತ್ತದೆ ಎಂದು ಅಧ್ಯಯನಗಳು ತೋರಿಸಿರುವುದರಿಂದ ಅದನ್ನು ಮಾಡಬೇಡಿ. ಕಾರಾಗೃಹಗಳಲ್ಲಿ ಆತ್ಮಹತ್ಯೆ ತಡೆಯುವ ಕುರಿತು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2023ರಲ್ಲಿ ಕೊಟ್ಟ ಸಲಹೆಗಳಲ್ಲಿ ಸಿಬ್ಬಂದಿಗೆ ಮಾನಸಿಕ ಆರೋಗ್ಯದ ತಿಳಿವಳಿಕೆ ಕೊಡುವುದೂ ಸೇರಿದೆ. ಆ ತರಬೇತಿಯಲ್ಲಿ ಬಂದಿಯ ಮನಸ್ಸನ್ನು ಗಮನಿಸುವುದರ ಜೊತೆಗೆ ಸಿಬ್ಬಂದಿ ತನ್ನ ಮನಸ್ಸನ್ನು ಗಮನಿಸಿಕೊಳ್ಳುವುದನ್ನೂ ಕಲಿಸಿದರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ.

ಮನೆಯವರ ಜೊತೆ ಎಷ್ಟು ಹೇಳಬೇಕೆಂಬ ಗೊಂದಲ ನಿಮ್ಮಂಥವರಲ್ಲಿ ಯಾವಾಗಲೂ ಇರುತ್ತದೆ. ಕಂಡದ್ದನ್ನೆಲ್ಲ ವಿವರಿಸಬೇಕಿಲ್ಲ. ಇವತ್ತು ಮನಸ್ಸು ಸರಿಯಿಲ್ಲ, ಅರ್ಧ ಗಂಟೆ ಒಬ್ಬನೇ ಇರುತ್ತೇನೆ, ಆಮೇಲೆ ಮಾತಾಡುತ್ತೇನೆ ಎಂದು ಹೇಳಿ, ಹೇಳಿದಂತೆ ಅರ್ಧ ಗಂಟೆಗೆ ಎದ್ದು ಬಂದರೆ ಸಾಕು. ಸಮವಸ್ತ್ರ ಕಳಚಿ, ಸ್ನಾನ ಮಾಡಿ, ಬೇರೆ ಬಟ್ಟೆ ತೊಟ್ಟ ನಂತರವೇ ಮಕ್ಕಳ ಜೊತೆ ಮಾತಿಗೆ ಇಳಿಯುವ ರೂಢಿ ಮಾಡಿಕೊಂಡವರಿಗೆ ಅದು ಒಂದು ಗೆರೆ ಎಳೆದಂತೆ ನೆರವಾಗುತ್ತದೆ. ರೇಗಿದ ದಿನ ಮಕ್ಕಳ ಬಳಿ ಕೂತು, ಅದು ನಿನ್ನ ತಪ್ಪಲ್ಲ ಮಗಾ, ಅಪ್ಪನಿಗೆ ಮೈ ಹುಷಾರಿಲ್ಲ ಎಂದು ಹೇಳಿ. ಅಪ್ಪ ತನ್ನ ಮೇಲೆಯೇ ಸಿಟ್ಟಾಗಿದ್ದಾನೆಂಬ ಭಯ ಮಕ್ಕಳಿಗೆ ನಿಮ್ಮ ಕಾಯಿಲೆಗಿಂತ ಹೆಚ್ಚು ನೋವು ಕೊಡುತ್ತದೆ.

ಕೆಲಸ ಬಿಡಲೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಈಗ ತೀರ್ಮಾನಿಸಬೇಡಿ. ನಿದ್ದೆಗೆಟ್ಟ, ಅಪರಾಧಿ ಭಾವ ತುಂಬಿದ ಮನಸ್ಸು ಮಾಡುವ ದೊಡ್ಡ ತೀರ್ಮಾನಗಳನ್ನು ನಾನು ನಂಬುವುದಿಲ್ಲ. ಹನ್ನೆರಡು ವರ್ಷದ ಸೇವೆ, ಕ್ವಾರ್ಟರ್ಸ್, ಮಕ್ಕಳ ಶಾಲೆ ಎಲ್ಲವೂ ಅದಕ್ಕೆ ಕಟ್ಟಿಕೊಂಡಿವೆ. ಕನಿಷ್ಠ ಮೂರು ತಿಂಗಳು ಚಿಕಿತ್ಸೆ ತೆಗೆದುಕೊಳ್ಳಿ. ಅಷ್ಟರೊಳಗೆ ಆ ಬ್ಯಾರಕ್‌ನ ರಾತ್ರಿ ಪಹರೆಯ ಬದಲು ಸಂದರ್ಶನ ವಿಭಾಗ, ಉಗ್ರಾಣ, ಮುಖ್ಯದ್ವಾರದ ದಾಖಲೆ ಕೆಲಸ ಇಂಥದ್ದು ಯಾವುದಾದರೂ ಸಿಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ತೀರಾ ಬೇಕಾದರೆ ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪರಿವರ್ತಿತ ರಜೆಗೆ ಅರ್ಜಿ ಹಾಕಿ. ಮುಖ ಕಾಡುವುದು ತಗ್ಗಿ, ಮದ್ಯವಿಲ್ಲದೆ ನಿದ್ದೆ ಬರತೊಡಗಿದ ಮೇಲೂ ಗೇಟಿನ ಒಳಗೆ ಕಾಲಿಡಲು ಮನಸ್ಸೇ ಇಲ್ಲವೆಂದರೆ, ಆಗ ಬಿಡುವ ಬಗ್ಗೆ ಇಬ್ಬರೂ ಕೂತು ಯೋಚಿಸಿ. ಆ ತೀರ್ಮಾನ ಆಗ ನಿಮ್ಮದಾಗಿರುತ್ತದೆ, ಕಾಯಿಲೆಯದ್ದಾಗಿರುವುದಿಲ್ಲ.

ಮೊದಲ ಭೇಟಿಗೆ ಹೆಂಡತಿಯನ್ನು ಕರೆದುಕೊಂಡು ಹೋಗಿ, ನಿದ್ದೆಯಲ್ಲಿ ನೀವು ಕೂಗುವುದು, ಬೆಚ್ಚುವುದು ಅವರಿಗೆ ಗೊತ್ತಿರುತ್ತದೆ. ಹೋಗುವ ಮುನ್ನ ಒಂದು ವಾರ ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಸಲ ಎದ್ದಿರಿ, ಎಷ್ಟು ಕುಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿ. ಈಗ ನುಂಗುತ್ತಿರುವ ಮಾತ್ರೆಗಳಿದ್ದರೆ ಅವುಗಳ ಚೀಟಿಯೂ ಜೊತೆಗಿರಲಿ. ರಾತ್ರಿ ಪಾಳಿ ಮುಗಿಸಿದ ಬೆಳಿಗ್ಗೆ ನೇರವಾಗಿ ಆಸ್ಪತ್ರೆಗೆ ಹೋಗಬೇಡಿ, ನಿದ್ದೆ ಮಾಡಿ ಎದ್ದ ದಿನ ಹೋಗಿ. ಮುಖ್ಯವಾಗಿ, ಆ ರಾತ್ರಿಯ ಬಗ್ಗೆ ಮೊದಲ ದಿನವೇ ಎಲ್ಲವನ್ನೂ ಹೇಳಬೇಕೆಂಬ ಒತ್ತಾಯವಿಲ್ಲ. ಒಂದು ಸಾವು ಕಂಡೆ, ಅದು ಇನ್ನೂ ಕಾಡುತ್ತಿದೆ ಎಂದಷ್ಟೇ ಹೇಳಿದರೂ ವೈದ್ಯರಿಗೆ ಎಲ್ಲಿಂದ ಶುರು ಮಾಡಬೇಕೆಂಬುದು ತಿಳಿಯುತ್ತದೆ.